ದಾರವೋ, ಬ್ಲೇಡೋ? ಹುಲ್ಲು ಹೊಡೆಯುವ ಮೆಷಿನ್ನಿನ ಹಿಂದಿನ ಕತೆ

ಕಳೆದ ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟಕ್ಕೆ ಹುಲ್ಲು ಹೊಡೆಯುವ ಮೆಷಿನ್ ಬಂತು. ಬದುವಿನ ಮೇಲೆ ಗಿನಿ ಹುಲ್ಲು ಎದೆಯುದ್ದ ನಿಂತಿತ್ತು. ಅಂಗಡಿಯಲ್ಲಿ ನೈಲಾನ್ ದಾರ ಹಾಕಿಯೇ ಕೊಟ್ಟಿದ್ದರು. ಅರ್ಧ ಗಂಟೆಯಲ್ಲಿ ಮೂರು ಸಲ ದಾರ ತುಂಡಾಯಿತು. ಆಮೇಲೆ ಹುಲ್ಲೆಲ್ಲ ಹೆಡ್ಡಿಗೆ ಸುತ್ತಿಕೊಂಡು ಎಂಜಿನ್ನೇ ನಿಂತುಹೋಯಿತು. 'ದುಡ್ಡು ಕೊಟ್ಟು ಹುಲ್ಲಿಗೆ ಜಡೆ ಹೆಣೆಸಿದ ಹಾಗಾಯ್ತು' ಅಂತ ಅಪ್ಪ ಕತ್ತಿ ತರಲು ಹೋದರು.

ಮೆಷಿನ್ನನ್ನು ಬೈದು ಪ್ರಯೋಜನವಿಲ್ಲ. ದಾರದ ಮೆಷಿನ್ ಹುಟ್ಟಿದ್ದು ನಮ್ಮ ಬದುವಿನ ಹುಲ್ಲಿಗಲ್ಲ. ಯಾವ ಹುಲ್ಲಿಗೆ ಹುಟ್ಟಿತು ಅನ್ನುವುದು ಗೊತ್ತಿದ್ದರೆ ನಾವು ಅಂಗಡಿಯಲ್ಲೇ ಬೇರೆ ಪ್ರಶ್ನೆ ಕೇಳುತ್ತಿದ್ದೆವು.

ಹುಲ್ಲಿಗೆ ಮೊದಲು ಯಂತ್ರ ಹಿಡಿದವರು ಇಂಗ್ಲೆಂಡಿನವರು. ಎಡ್ವಿನ್ ಬಡ್ಡಿಂಗ್ ಎಂಬುವರು ಬಟ್ಟೆ ಗಿರಣಿಯಲ್ಲಿ ಉಣ್ಣೆಯ ಮೇಲಿನ ನವಿರು ಸವರುವ ಯಂತ್ರ ನೋಡಿ, ಅದೇ ಉಪಾಯದಲ್ಲಿ 1830ರಲ್ಲಿ ಹುಲ್ಲುಹಾಸು ಕತ್ತರಿಸುವ ಮೋವರ್ ಮಾಡಿ ಪೇಟೆಂಟ್ ಪಡೆದರು. ಅದು ಓಡಾಡುವುದು ಸಮತಟ್ಟಾದ ನೆಲದಲ್ಲಿ. ಮರದ ಬುಡ, ಬೇಲಿಯ ಮೂಲೆ ಸಿಕ್ಕರೆ ಅಲ್ಲಿಗೇ ಮುಗಿಯಿತು. ಅಲ್ಲಿ ಕೂತು ಕೈಯಲ್ಲೇ ಕೊಯ್ಯಬೇಕು. ಸುಮಾರು ನೂರನಲವತ್ತು ವರ್ಷ ಹಾಗೇ ನಡೆಯಿತು.

ಆ ಮೂಲೆಗಳ ತಲೆನೋವು ಕಳೆದವರು ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಾಲಸ್. ಎಂಜಿನಿಯರ್ ಅಲ್ಲ, ರೈತರೂ ಅಲ್ಲ, ಡ್ಯಾನ್ಸ್ ಕಲಿಸುವ ಸ್ಟುಡಿಯೋ ನಡೆಸಿದವರು! 1971ರಲ್ಲಿ ಒಂದು ದಿನ ಕಾರು ತೊಳೆಸಲು ಹೋಗಿದ್ದರು. ತಿರುಗುವ ನೈಲಾನ್ ಬ್ರಷ್‌ಗಳು ಕಾರಿನ ಮೂಲೆಮೂಲೆಗೂ ಹೊಕ್ಕು ಕೊಳೆ ತೆಗೆಯುತ್ತಿದ್ದವು, ಬಣ್ಣ ಮಾತ್ರ ಕೆರೆಯುತ್ತಿರಲಿಲ್ಲ. ಮರದ ತೊಗಟೆಗೆ ಪೆಟ್ಟಾಗದಂತೆ ಬುಡದ ಹುಲ್ಲು ತೆಗೆಯಲು ಇದೇ ದಾರಿ ಅಂತ ಅವರಿಗೆ ಹೊಳೆಯಿತು. ಮನೆಗೆ ಬಂದು ಖಾಲಿ ಪಾಪ್‌ಕಾರ್ನ್ ಡಬ್ಬಕ್ಕೆ ತೂತು ಕೊರೆದು, ಮೀನಿನ ಗಾಳದ ನೈಲಾನ್ ದಾರ ಪೋಣಿಸಿ, ಹುಲ್ಲಿನ ಅಂಚು ಕತ್ತರಿಸುವ ಯಂತ್ರಕ್ಕೆ ಬೋಲ್ಟ್ ಮಾಡಿ ತಿರುಗಿಸಿದರು. ಹುಲ್ಲು ಹಾರಿತು.

ಕಂಪನಿಗಳ ಬಾಗಿಲು ತಟ್ಟಿದಾಗ ಯಾರೂ ಮುಂದೆ ಬರಲಿಲ್ಲ. ದಾರದಲ್ಲಿ ಹುಲ್ಲು ಕೊಯ್ಯುತ್ತೇನೆ ಅಂದರೆ ನಮ್ಮೂರಲ್ಲೂ ನಗುತ್ತಿದ್ದರು ಬಿಡಿ. ಕೊನೆಗೆ ತಾವೇ 'ವೀಡ್ ಈಟರ್' ಹೆಸರಿನಲ್ಲಿ ಮಾಡಿ ಮಾರಿದರು. 1977ರಲ್ಲಿ ಕಂಪನಿಯನ್ನು ಎಮರ್ಸನ್ ಎಲೆಕ್ಟ್ರಿಕ್‌ಗೆ ಮಾರುವ ಹೊತ್ತಿಗೆ ಅದು ಕೋಟಿಗಟ್ಟಲೆ ಡಾಲರ್ ವ್ಯವಹಾರ.

ಇಲ್ಲಿ ಗಮನಿಸಬೇಕಾದ್ದು, ದಾರದ ಗುಣವೇ ಮೆತ್ತಗಿರುವುದು. ವೇಗವಾಗಿ ತಿರುಗುವಾಗ ನೆಟ್ಟಗೆ ನಿಂತು ಎಳೆ ಹುಲ್ಲನ್ನು ಹೊಡೆದು ಹರಿಯುತ್ತದೆ. ಗಟ್ಟಿ ವಸ್ತು ಸಿಕ್ಕರೆ ತಾನೇ ಸವೆಯುತ್ತದೆ, ತುಂಡಾಗುತ್ತದೆ. ಬಾಲಸ್‌ಗೆ ಬೇಕಾಗಿದ್ದೂ ಅಷ್ಟೇ. ಎದೆಯುದ್ದದ, ಬುಡ ಬಲಿತ ಗಿನಿ ಹುಲ್ಲಿನಲ್ಲಿ ಆ ಗುಣವೇ ದೋಷವಾಗುತ್ತದೆ.

ಬಲಿತ ಹುಲ್ಲಿಗೆ, ಪೊದೆಗೆ ಬೇಕಾದ ಮೆಷಿನ್ನಿನ ಮೂಲವೇ ಬೇರೆ. ಬಾಲಸ್‌ಗಿಂತ ಮೊದಲೇ ಕಾಡು ಸವರುವ ಕೂಲಿಗಳು ಉದ್ದ ಕೊಳವೆಯ ತುದಿಯಲ್ಲಿ ದುಂಡು ಗರಗಸವಿದ್ದ ಎಂಜಿನ್ ಹೊತ್ತು ಕೆಲಸ ಮಾಡುತ್ತಿದ್ದರು. ಈಗಿನ ಬ್ರಷ್ ಕಟರ್ ಆ ಮನೆತನದ್ದು. ಒಂದೇ ಮೆಷಿನ್ನಿಗೆ ದಾರದ ಹೆಡ್ಡನ್ನೂ ಬ್ಲೇಡನ್ನೂ ಹಾಕಬಹುದಾದ್ದರಿಂದ ಎರಡೂ ಒಂದೇ ಅಂತ ನಾವು ತಿಳಿಯುತ್ತೇವೆ. ಮೂರು ಹಲ್ಲಿನ ಬ್ಲೇಡ್ ಬಲಿತ ಹುಲ್ಲಿಗೆ, ಹಲವು ಹಲ್ಲಿನ ದುಂಡು ಬ್ಲೇಡ್ ಕಡ್ಡಿಯಾದ ಗಿಡಕ್ಕೆ.

ದಾರ ಪದೇ ಪದೇ ತುಂಡಾಗುತ್ತದೆ ಅಂತ ಕೆಲವರು ತಂತಿ ಕಟ್ಟುತ್ತಾರೆ, ಕಬ್ಬಿಣದ ಸರಪಳಿಯ ಹೆಡ್ ಹಾಕುತ್ತಾರೆ. ದಯವಿಟ್ಟು ಬೇಡ. ಬ್ರಿಟನ್ನಿನಲ್ಲಿ ಅಂಥ ಸರಪಳಿಯ ಕೊಂಡಿಯೊಂದು ಕಳಚಿ ಸಿಡಿದು ಒಬ್ಬರ ಪ್ರಾಣವೇ ಹೋಯಿತು. 2012ರಲ್ಲಿ ಯುರೋಪಿಯನ್ ಒಕ್ಕೂಟ ಇಂಥ ಹೆಡ್‌ಗಳ ಮಾರಾಟವನ್ನೇ ನಿಲ್ಲಿಸಿತು. ತುಂಡಾದ ತಂತಿಯೂ ಹಾಗೇ ಹಾರುತ್ತದೆ.

ಬ್ಲೇಡೂ ಸಾಧು ಪ್ರಾಣಿಯಲ್ಲ. ಸಾಮಾನ್ಯವಾಗಿ ಅದು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಹಾಗಾಗಿ ಬಲದಿಂದ ಎಡಕ್ಕೆ ಬೀಸಿ, ಬ್ಲೇಡಿನ ಎಡಭಾಗದಲ್ಲಿ ಕೊಯ್ಯಬೇಕು. ಮುಂದಿನ ಬಲ ಅಂಚು ಬೊಡ್ಡೆಗೋ ಕಲ್ಲಿಗೋ ತಾಗಿದರೆ ಮೆಷಿನ್ ಒದ್ದುಕೊಂಡು ಪಕ್ಕಕ್ಕೆ ಹಾರುತ್ತದೆ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು, ಬ್ಲೇಡಿಗೆ ಗಾರ್ಡು ಇರಲೇಬೇಕು. ಹದಿನೈದು ಮೀಟರಿನೊಳಗೆ ಯಾರೂ ಬರಬಾರದು, ಕಾಫಿ ತರುವ ಮಕ್ಕಳೂ ಸೇರಿ.

ಎಂಜಿನ್ನಿನ ಮಾತೂ ಒಂದಿದೆ. ಟೂ ಸ್ಟ್ರೋಕ್ ಹಗುರ, ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಎಷ್ಟು ಅನ್ನುವುದು ಆ ಮೆಷಿನ್ನಿನ ಪುಸ್ತಕದಲ್ಲೇ ಇರುತ್ತದೆ, ಪಕ್ಕದ ಮನೆಯವರ ಲೆಕ್ಕ ನಡೆಯದು. ಫೋರ್ ಸ್ಟ್ರೋಕ್‌ಗೆ ಬೆರೆಸುವ ರಗಳೆಯಿಲ್ಲ, ತೂಕ ತುಸು ಹೆಚ್ಚು. ಇಳಿಜಾರಿನ ತೋಟದಲ್ಲಿ ದಿನವಿಡೀ ಹೊರುವವರು ಮೊದಲು ಬಾಡಿಗೆಗೆ ತಂದು ಒಂದು ದಿನ ಹೊತ್ತು ನೋಡುವುದು ಒಳ್ಳೆಯದು. ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಸಿಗುತ್ತದಾ ವಿಚಾರಿಸಿ.

ಅಪ್ಪ ಈಗ ಬದುವಿಗೆ ಮೂರು ಹಲ್ಲಿನ ಬ್ಲೇಡ್ ಹಾಕುತ್ತಾರೆ. ಎದೆಯುದ್ದದ ಹುಲ್ಲನ್ನು ಒಂದೇ ಸಲಕ್ಕೆ ಬುಡದಿಂದ ಹೊಡೆಯುವುದಿಲ್ಲ. ಮೊದಲು ಅರ್ಧಕ್ಕೆ, ಆಮೇಲೆ ಬುಡಕ್ಕೆ. ಈಗ ಜಡೆ ಸುತ್ತುವುದು ಕಡಿಮೆಯಾಗಿದೆ. ದೊಡ್ಡ ಮರಗಳ ಬುಡಕ್ಕೆ ಬಂದಾಗ ಬ್ಲೇಡ್ ಬಿಚ್ಚಿ ಬಾಲಸ್ ಸಾಹೇಬರ ದಾರ ಹಾಕುತ್ತಾರೆ. ಎಳೆ ಅಡಿಕೆ ಸಸಿಯ ತೊಗಟೆಯನ್ನು ದಾರವೂ ಸುಲಿಯುತ್ತದೆ. ಅಲ್ಲಿ ಈಗಲೂ ಅಮ್ಮನ ಕತ್ತಿಯೇ.