ಎರಿಕ್ ಡಾಲ್ಫಿಯೂ ಅಪಸ್ವರವಿಚಾರವೂ

ಕೇಳಿ ರೂಢಿಯಿಲ್ಲದ ಪ್ರಯೋಗವನ್ನೆಲ್ಲ ಅಪಶಬ್ದವೆಂದು ತಳ್ಳಿಬಿಡುವುದು ಅಲ್ಪಶ್ರುತರ ಪದ್ಧತಿ. ಅಪೂರ್ವಪ್ರಯೋಗವೂ ಅಪಪ್ರಯೋಗವೂ ಒಂದೇ ಅಲ್ಲವೆಂಬುದನ್ನು ವ್ಯಾಕರಣವನ್ನು ಓದಿದವರೆಲ್ಲ ಬಲ್ಲರು. ಸಂಗೀತದಲ್ಲಿ ಇವೆರಡನ್ನೂ ಒಂದಾಗಿ ಎಣಿಸಿ ತೀರ್ಪು ಕೊಟ್ಟುದಕ್ಕೆ ಅಮೆರಿಕೆಯ ಸುಷಿರವಾದ್ಯಗಾರನಾದ ಎರಿಕ್ ಡಾಲ್ಫಿಯ ಚರಿತ್ರೆಯು ನಿದರ್ಶನವಾಗಿದೆ.

ಈತನು ೧೯೨೮ನೆಯ ಇಸವಿ ಜೂನ್ ೨೦ರಂದು ಲಾಸ್ ಏಂಜಲೀಸ್ ನಗರದಲ್ಲಿ ಜನಿಸಿದನು. ಪೂರ್ವಿಕರು ಪನಾಮಾ ದೇಶದವರು. ಈತನ ಕ್ಷೇತ್ರವಾದ ಜಾಸ್ ಸಂಗೀತವು ಆಫ್ರಿಕಾಮೂಲದ ಅಮೆರಿಕನರಲ್ಲಿ ಹುಟ್ಟಿದುದು. ಮೊದಲು ಒಂದು ಗೀತವನ್ನು ನುಡಿಸಿ, ಅನಂತರ ಅದರ ಸ್ವರಮೇಳಗಳನ್ನು ಆಶ್ರಯಿಸಿ ಮನೋಧರ್ಮದಿಂದ ವಿಸ್ತರಿಸುವುದು ಅದರ ರೂಢಿಯ ಕ್ರಮ; ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಡಾಲ್ಫಿಯು ಆಲ್ಟೊ ಸ್ಯಾಕ್ಸೊಫೋನ್, ಪಾಶ್ಚಾತ್ಯ ಕೊಳಲು, ಬಾಸ್ ಕ್ಲಾರಿನೆಟ್ ಎಂಬ ಮೂರು ವಾದ್ಯಗಳಲ್ಲಿಯೂ ಪಳಗಿದವನು. ಕಡೆಯದು ಮಂದ್ರಸ್ಥಾಯಿಯ ವಾದ್ಯ. ಅದುವರೆಗೆ ಜಾಸಿನಲ್ಲಿ ಅದಕ್ಕೆ ಪ್ರಧಾನಪೀಠವಿರಲಿಲ್ಲ. ೧೯೬೧ರಲ್ಲಿ ಕೋಪನ್‌ಹೇಗನ್ನಿನಲ್ಲಿ ಯಾವ ಪಕ್ಕವಾದ್ಯವೂ ಇಲ್ಲದೆ ಆತನು ಅದನ್ನು ನುಡಿಸಿದ ಮುದ್ರಿಕೆಯೊಂದುಂಟು. ಮಂದ್ರದ ತಳದಿಂದ ತಾರದ ತುದಿಗೆ ನೆಗೆಯುವ ಆ ನಾದವನ್ನು ಕೇಳಿದವರು ಆ ವಾದ್ಯವನ್ನು ಮತ್ತೆ ಹಗುರವಾಗಿ ಕಾಣಲಾರರು.

ಅದೇ ವರ್ಷ ಡಾಲ್ಫಿಯು ಜಾನ್ ಕೋಲ್ಟ್ರೇನನ ಮೇಳವನ್ನು ಸೇರಿದನು. ನವೆಂಬರಿನಲ್ಲಿ ಡೌನ್‌ಬೀಟ್ ಪತ್ರಿಕೆಯ ವಿಮರ್ಶಕನಾದ ಜಾನ್ ಟೈನನ್ ಇವರಿಬ್ಬರ ವಾದನಕ್ಕೆ ಜಾಸ್‌ವಿರೋಧಿಯೆಂಬ ಹೆಸರಿಟ್ಟನು. ಇದು ಅನ್ಯಾಯದ ಮಾತೆಂದೇ ನನ್ನ ಅಭಿಪ್ರಾಯ. ಗೀತದ ಶ್ರುತಿಗೆ ಸಲ್ಲವೆಂದು ಇತರರು ಎಣಿಸುವ ಸ್ವರಗಳು ತನ್ನ ಕಿವಿಗೆ ಸಾಧುವಾಗಿಯೇ ಕೇಳುವುವೆಂದೂ, ತಾನು ನುಡಿಸುವ ಪ್ರತಿಯೊಂದು ಸ್ವರಕ್ಕೂ ಗೀತದ ಸ್ವರಮೇಳದೊಡನೆ ಸಂಬಂಧವುಂಟೆಂದೂ ಡಾಲ್ಫಿಯು ಹೇಳುತ್ತಿದ್ದನು. ಶಾಸ್ತ್ರವನ್ನರಿಯದವನ ಮಾತೇ ಇದು? ವರೇಸನು ಒಂಟಿ ಕೊಳಲಿಗಾಗಿ ರಚಿಸಿದ ‘ಡೆನ್ಸಿಟಿ ೨೧.೫’ ಎಂಬ ಕಠಿಣವಾದ ಕೃತಿಯನ್ನು ೧೯೬೨ರಲ್ಲಿ ಓಹಾಯ್ ಸಂಗೀತೋತ್ಸವದಲ್ಲಿ ನುಡಿಸಿದವನೂ ಈತನೇ.

ಆ ವರ್ಷವೇ ಅದೇ ಪತ್ರಿಕೆಯಲ್ಲಿ ಇಬ್ಬರೂ ಉತ್ತರವಿತ್ತರು. ಮನೆಯಲ್ಲಿ ಸಾಧನೆಮಾಡುವಾಗ ಹಕ್ಕಿಗಳು ಜೊತೆಗೂಡಿ ಉಲಿಯುತ್ತಿದ್ದುವೆಂದೂ, ನಮ್ಮ ಸ್ವರಗಳ ನಡುವಣ ಸ್ವರಗಳು ಅವುಗಳ ಕಂಠದಲ್ಲುಂಟೆಂದೂ, ಭಾರತೀಯ ಸಂಗೀತದಲ್ಲಿಯೂ ಅಂತಹ ಗುಣವಿದೆಯೆಂದೂ ಡಾಲ್ಫಿಯು ಹೇಳಿದನು. ಶ್ರುತಿಭೇದವನ್ನು ಬಲ್ಲ ನಮಗೆ ಇದು ವಿಪರೀತವಾಗಿ ತೋರದು. ಅದು ಬರಿಯ ಮಾತೂ ಅಲ್ಲ: ೧೯೬೦ರಲ್ಲಿಯೇ ತಬಲ ತಂಬೂರಿಗಳೊಡನೆ ಆತನು ಕೊಳಲು ನುಡಿಸಿದ್ದನು. ಆ ಮುದ್ರಿಕೆ ಪ್ರಕಟವಾದುದು ಮಾತ್ರ ೧೯೮೭ರಲ್ಲಿ.

೧೯೬೪ರ ಫೆಬ್ರವರಿಯಲ್ಲಿ ‘ಔಟ್ ಟು ಲಂಚ್’ ಎಂಬ, ಇಂದು ಆತನ ಶ್ರೇಷ್ಠಕೃತಿಯೆಂದು ಹಲವರು ಎಣಿಸುವ ಮುದ್ರಿಕೆ ಸಿದ್ಧವಾಯಿತು. ಅದು ಅಂಗಡಿಗೆ ಬರುವುದನ್ನು ಆತನು ಕಾಣಲಿಲ್ಲ. ಚಾರ್ಲ್ಸ್ ಮಿಂಗಸನ ಮೇಳದೊಡನೆ ಯೂರೋಪಿಗೆ ಹೋಗಿ ಅಲ್ಲಿಯೇ ನಿಂತಿದ್ದನು. ಶರೀರದಲ್ಲಿ ಮಧುಮೇಹವು ಗುಪ್ತವಾಗಿತ್ತು. ಮಾದಕವಸ್ತುಗಳನ್ನು ಮುಟ್ಟದ ಈ ಶಾಂತಸ್ವಭಾವದ ಮನುಷ್ಯನು ಜೂನ್ ೨೯ರಂದು, ಮೂವತ್ತಾರು ತುಂಬಿದ ಒಂಬತ್ತನೆಯ ದಿನ, ಪಶ್ಚಿಮ ಬರ್ಲಿನ್ನಿನಲ್ಲಿ ತೀರಿಕೊಂಡನು. ಮಗನ ಕೊಳಲನ್ನೂ ಬಾಸ್ ಕ್ಲಾರಿನೆಟ್ಟನ್ನೂ ತಾಯಿಯು ಕೋಲ್ಟ್ರೇನನಿಗೆ ಕೊಟ್ಟಳು.