ಸೊರಬ–ಶಿಕಾರಿಪುರ ಸೀಮೆಯ ಪ್ರಕೃತಿ ಆರಾಧನೆ

ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳಲ್ಲಿ ಕಾಡು, ನೆಲ, ನೀರು, ಬೆಳೆ, ದನಕರು ಮತ್ತು ಗತಿಸಿದ ಹಿರಿಯರನ್ನು ದೈವವೆಂದು ಕಂಡು ನಡೆದುಕೊಳ್ಳುವ ಆಚರಣೆಗಳ ಪರಂಪರೆ. ಇದನ್ನು ಸ್ಥಾಪಿಸಿದ ಗುರುವಿಲ್ಲ, ಎಲ್ಲರಿಗೂ ಒಂದೇ ಆದ ಗ್ರಂಥವಿಲ್ಲ. ಊರಿನ ಗಡಿ, ಮಳೆಬೆಳೆಯ ಲೆಕ್ಕ ಮತ್ತು ಹಿರಿಯರ ಮಾತು ಇದರ ಆಧಾರ. ಯುರೋಪಿನಲ್ಲಿ ‘ಪೇಗನ್’ ಎಂದು ಕರೆಯಲಾಗುವ ನಿಸರ್ಗಮೂಲ ಧರ್ಮಗಳಿಗೆ ಹತ್ತಿರವಾದ ರೂಪ ಇದು. ಅಲ್ಲಿನ ಪಂಥಗಳಲ್ಲಿ ಬಹುಪಾಲು ಇಪ್ಪತ್ತನೆಯ ಶತಮಾನದಲ್ಲಿ ಮರುಕಟ್ಟಿದವು. ಮಲೆನಾಡಿನ ಈ ಆಚರಣೆಗಳು ಕೃಷಿಯ ಜೊತೆಜೊತೆಗೇ ಉಳಿದು ಬಂದಿವೆ. ಬದುಕಿಗೆ ಮಿತಿ ಹಾಕಿಕೊಳ್ಳುವುದು, ಕಷ್ಟವನ್ನು ಊರೊಟ್ಟಿಗೆ ಹೊರುವುದು ಈ ಪರಂಪರೆಯ ತಿರುಳು. ಹಿಂಸೆಯೂ ಅವಮಾನವೂ ಬೆರೆತ ಕಡೆ ಅದನ್ನು ಪ್ರಶ್ನಿಸಿ ತಿದ್ದಲು ಹೊರಟವರ ಇತಿಹಾಸವೂ ಇದರ ಭಾಗವೇ.

ಭೌಗೋಳಿಕ ಹಿನ್ನೆಲೆ

ಪಶ್ಚಿಮಘಟ್ಟದ ದಟ್ಟ ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿ ಈ ಎರಡು ತಾಲ್ಲೂಕುಗಳಿವೆ. ಸೊರಬ ದಂಡಾವತಿ ನದಿಯ ಮೇಲಿದೆ, ಶಿಕಾರಿಪುರ ಕುಮುದ್ವತಿಯ ಮೇಲಿದೆ. ವರದಾ ನದಿ ಸೊರಬದ ಪಶ್ಚಿಮ ಭಾಗವನ್ನು ಹಾದು ಹೋಗುತ್ತದೆ. ಗದ್ದೆ, ಕೆರೆ, ಅಡಿಕೆ ತೋಟ, ಬ್ಯಾಣ (ಹುಲ್ಲುಗಾವಲು) ಮತ್ತು ಕಾನು (ನಿತ್ಯಹಸಿರು ಕಾಡು) ಒಂದರ ಪಕ್ಕ ಒಂದು ಹೊಂದಿಕೊಂಡಿರುವ ನೆಲ ಇದು. ಮೇಲಿನ ಕಾನು ಹಿಡಿದಿಟ್ಟ ನೀರು ಕೆಳಗಿನ ತೋಟ–ಗದ್ದೆಗಳಿಗೆ ಇಳಿಯುವುದರಿಂದ, ಕಾಡಿನ ದೈವವನ್ನು ಕಾಯುವುದೂ ಅನ್ನದ ಮೂಲವನ್ನು ಕಾಯುವುದೂ ಇಲ್ಲಿ ಒಂದೇ ಕೆಲಸವಾಯಿತು.

ಶಾಸನಗಳಲ್ಲಿ

ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಪ್ರಾಕೃತ ಕಂಬಶಾಸನ ಈ ಸೀಮೆಯ ಅತ್ಯಂತ ಹಳೆಯ ದಾಖಲೆಗಳಲ್ಲಿ ಒಂದು. ಚುಟು ವಂಶದ ಅರಸನೊಬ್ಬ ಮಳಪಳಿದೇವನ ಸೇವೆಗಾಗಿ ದತ್ತಿ ಬಿಟ್ಟದ್ದನ್ನು ಅದು ತಿಳಿಸುತ್ತದೆ. ಅದೇ ಕಂಬದ ಮೇಲೆ ಮುಂದೆ ಕದಂಬರ ದತ್ತಿಯೂ ಸೇರಿಕೊಂಡಿತು. ಊರಿನ ಹೆಸರೇ ದೇವರ ಹೆಸರಾಗಿರುವುದು ಗಮನಾರ್ಹ. ರಾಜವಂಶ ಬದಲಾದರೂ ಊರದೈವದ ಮನ್ನಣೆ ಮುಂದುವರಿದದ್ದಕ್ಕೆ ಈ ಕಂಬ ಸಾಕ್ಷಿ.

ಅದೇ ತಾಲ್ಲೂಕಿನ ತಾಳಗುಂದದಲ್ಲಿ ಐದನೆಯ ಶತಮಾನದ, ಕುಬ್ಜ ಎಂಬ ಕವಿ ರಚಿಸಿದ ಸ್ತಂಭಶಾಸನವಿದೆ. ಕದಂಬ ಮನೆತನದವರು ತಮ್ಮ ಮನೆಯ ಬಳಿ ಬೆಳೆದ ಕದಂಬ ಮರವನ್ನು ಅಕ್ಕರೆಯಿಂದ ಕಾಪಾಡಿದರೆಂದೂ ಅದರಿಂದಲೇ ವಂಶಕ್ಕೆ ಆ ಹೆಸರು ಬಂತೆಂದೂ ಅದು ಹೇಳುತ್ತದೆ. ಕದಂಬ ಅರಸ ಕಾಕುತ್ಸ್ಥವರ್ಮ ಅಲ್ಲಿನ ದೇಗುಲದ ಬಳಿ ಕೆರೆ ಕಟ್ಟಿಸಿದ ಸಂಗತಿಯೂ ಅದರಲ್ಲೇ ಇದೆ. ಕನ್ನಡ ನಾಡನ್ನು ಆಳಿದ ಮೊದಲ ಮನೆತನಗಳಲ್ಲೊಂದು ತನ್ನ ಗುರುತನ್ನು ಒಂದು ಮರದಿಂದ ಪಡೆಯಿತು.

ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೆಯ ಸಂಪುಟಗಳು ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಒಳಗೊಂಡಿವೆ. ಅವುಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳ ಸಂಖ್ಯೆ ದೊಡ್ಡದು. ತುರು ಕಾಯುತ್ತ, ಊರು ಉಳಿಸುತ್ತ ಮಡಿದವರ, ಗಂಡನೊಡನೆ ಸಹಗಮನ ಮಾಡಿದ ಹೆಂಗಸರ ನೆನಪಿಗೆ ನಿಲ್ಲಿಸಿದ ಈ ಕಲ್ಲುಗಳಲ್ಲಿ ಹಲವಕ್ಕೆ ಕಾಲಾನಂತರ ಕುಂಕುಮ, ಹೂವು, ಎಡೆ ಸಲ್ಲತೊಡಗಿದವು. ಸತ್ತವರನ್ನು ಮರೆಯದೆ ವರ್ಷಕ್ಕೊಮ್ಮೆ ಮನೆಗೆ ಕರೆದು ಉಣಿಸುವ ಹಿರಿಯರ ಹಬ್ಬದ ಹಿಂದೆಯೂ ಇದೇ ಭಾವವಿದೆ. ಅಗಲಿಕೆಯ ದುಃಖಕ್ಕೆ ಒಂದು ದಿನ, ಒಂದು ಜಾಗ, ಒಂದು ಅಡುಗೆ ಗೊತ್ತುಪಡಿಸಿ ಮನೆಮಂದಿಯೆಲ್ಲ ಅದನ್ನು ಹಂಚಿಕೊಳ್ಳುವ ಏರ್ಪಾಡು ಇದು.

ಬಳ್ಳಿಗಾವೆ ಮತ್ತು ಶರಣರ ವಿಮರ್ಶೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ (ಬೆಳ್ಳಿಗಾವಿ) ಹನ್ನೊಂದು–ಹನ್ನೆರಡನೆಯ ಶತಮಾನಗಳಲ್ಲಿ ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳೆಲ್ಲ ಕೂಡಿದ್ದ ಪಟ್ಟಣ. ಅಲ್ಲಿನ ಕಾಳಾಮುಖ ಶೈವರ ಕೇಂದ್ರವಾದ ಕೋಡಿಯ ಮಠವನ್ನು 1162ರ ಶಾಸನವೊಂದು ವಿದ್ಯೆಯ ನೆಲೆಯೆಂದು ಕೊಂಡಾಡುವುದಷ್ಟೇ ಅಲ್ಲ, ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನವಿಕ್ಕುವ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನೀಡುವ, ಸಕಲ ಜೀವಿಗಳಿಗೂ ಅಭಯವೀಯುವ ತಾಣವೆಂದೂ ಬಣ್ಣಿಸುತ್ತದೆ. ಈ ಸೀಮೆಯಲ್ಲಿ ದೈವದ ಸನ್ನಿಧಿ ಮತ್ತು ಮದ್ದು ಜೊತೆಗಿದ್ದುದಕ್ಕೆ ಇದು ಸ್ಪಷ್ಟ ದಾಖಲೆ.

ಇದೇ ನೆಲದಿಂದ ತೀಕ್ಷ್ಣ ವಿಮರ್ಶೆಯೂ ಹುಟ್ಟಿತು. ಶರಣ ಅಲ್ಲಮಪ್ರಭುವಿನ ಊರು ಬಳ್ಳಿಗಾವೆ ಎಂದು ಪರಂಪರೆ ಹೇಳುತ್ತದೆ. ಶರಣೆ ಅಕ್ಕಮಹಾದೇವಿಯ ಹುಟ್ಟೂರು ಉಡುತಡಿಯನ್ನು ಶಿಕಾರಿಪುರ ತಾಲ್ಲೂಕಿನ ಉಡುಗಣಿಯೊಂದಿಗೆ ಗುರುತಿಸಲಾಗಿದೆ. ಹರಕೆಯ ಬಲಿಯನ್ನೂ ಭಯದಿಂದ ಹಲವು ದೈವಗಳಿಗೆ ಅಡ್ಡಬೀಳುವುದನ್ನೂ ಶರಣರು ಒಪ್ಪಲಿಲ್ಲ. ಆದರೆ ಗಿಡ, ಹಕ್ಕಿ, ಬೆಟ್ಟ, ನೀರು ಅವರ ಅನುಭಾವದ ಭಾಷೆಯೊಳಗೆ ತುಂಬಿಕೊಂಡವು. ಊರದೈವಗಳ ಆರಾಧನೆ ಅಳಿಯಲಿಲ್ಲ. ಭಯದ ಭಕ್ತಿಗೆ ಎದುರಾಗಿ ಪ್ರಶ್ನೆ ಕೇಳುವ ಮತ್ತೊಂದು ಪರಂಪರೆ ಅದರ ಮಗ್ಗುಲಲ್ಲೇ ನಿಂತಿತು.

ಕಾನು: ದೇವರ ಸ್ವತ್ತು

ಸುತ್ತಲಿನ ಎಲೆಯುದುರುವ ಕಾಡಿನ ನಡುವೆ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡಿನ ತುಂಡಿಗೆ ಮಲೆನಾಡಿಗರು ಕಾನು ಎನ್ನುತ್ತಾರೆ. ಕಾಳುಮೆಣಸು, ದಾಲ್ಚಿನ್ನಿ, ರಾಮಪತ್ರೆ, ಮುರುಗಲು, ಉಪ್ಪಾಗೆ, ಬಗನಿ ಇಲ್ಲಿನ ಸಂಪತ್ತು. ಅನೇಕ ಕಾನುಗಳ ಒಳಗೆ ಚೌಡಿ, ಭೂತಪ್ಪ, ನಾಗ ಮುಂತಾದ ದೈವಗಳ ಬನಗಳಿವೆ. ಹೆಚ್ಚಿನ ಕಡೆ ಗುಡಿಯಿಲ್ಲ. ಮರದ ಬುಡದ ಕಲ್ಲು, ಹುತ್ತ, ಮಣ್ಣಿನ ಹರಕೆಯ ಬೊಂಬೆಗಳೇ ದೈವದ ಗುರುತು. ಬನದೊಳಗೆ ಹಸಿ ಮರಕ್ಕೆ ಕೊಡಲಿ ಹಾಕುವಂತಿಲ್ಲ, ಹೊಲಸು ಮಾಡುವಂತಿಲ್ಲ. ಪಕ್ಕದ ಉತ್ತರ ಕನ್ನಡದಲ್ಲಿ 1801ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕಾಡುಗಳು ಊರದೇವರ ಸ್ವತ್ತೆಂದೂ ಮರ ಕಡಿಯಲು ಪೂಜಾರಿಯೂ ಆಗಿದ್ದ ಊರಗೌಡನ ಅಪ್ಪಣೆ ಬೇಕಿತ್ತೆಂದೂ ಬರೆದಿದ್ದಾನೆ.

ಬ್ರಿಟಿಷ್ ಭಾರತದ ಅರಣ್ಯಾಡಳಿತದ ಮುಖ್ಯಸ್ಥನಾಗಿದ್ದ ಡೀಟ್ರಿಶ್ ಬ್ರಾಂಡಿಸ್, ಗ್ರ್ಯಾಂಟ್ ಎಂಬ ಅಧಿಕಾರಿಯೊಂದಿಗೆ 1868ರಲ್ಲಿ ಸೊರಬದ ಕಾನುಗಳ ಕುರಿತು ಜಂಟಿ ವರದಿ ಸಿದ್ಧಪಡಿಸಿದ. ತಾಲ್ಲೂಕಿನಲ್ಲಿ 171 ಕಾನುಗಳಿದ್ದು ಅವುಗಳ ಒಟ್ಟು ವಿಸ್ತೀರ್ಣ ಸುಮಾರು 13,000 ಹೆಕ್ಟೇರ್ ಎಂದು ಅದರಿಂದ ತಿಳಿಯುತ್ತದೆ. ಮುಂದೆ ಅರಣ್ಯ ಇಲಾಖೆಯ ಹಿಡಿತ ಬಿಗಿಯಾದಂತೆ ಊರಿನವರ ಹಕ್ಕು ಸಡಿಲಿತು; ಹಕ್ಕು ಸಡಿಲಿದಲ್ಲಿ ಹೊಣೆಯೂ ಕುಗ್ಗಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಗದ ಮತ್ತು ತಿರುಳು ಉದ್ಯಮಕ್ಕಾಗಿ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಶಿವಮೊಗ್ಗ ಜಿಲ್ಲೆಯಲ್ಲಿ ಹಬ್ಬಿದವು. ಇದರ ವಿರುದ್ಧ ಪಕ್ಕದ ಸೀಮೆಗಳಲ್ಲಿ ಎದ್ದ ದನಿಗಳಲ್ಲಿ 1983ರ ಶಿರಸಿ ಭಾಗದ ಅಪ್ಪಿಕೋ ಚಳವಳಿ ಮತ್ತು 1987ರ ಕುಸನೂರಿನ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ಮುಖ್ಯವಾದವು. ಪರಿಸರ ವಿಜ್ಞಾನಿಗಳಾದ ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಮಾಧವ ಗಾಡ್ಗೀಳ್ ಅವರ ಅಧ್ಯಯನಗಳು ಕಾನುಗಳನ್ನು ಜನರೇ ಕಾಪಾಡಿಕೊಂಡು ಬಂದ ಕಾಡುಗಳೆಂದು ವಿದ್ವತ್ ವಲಯಕ್ಕೆ ತೋರಿಸಿಕೊಟ್ಟವು.

ಭೂಮಿ ಹುಣ್ಣಿಮೆ ಮತ್ತು ವರ್ಷದ ಹಬ್ಬಗಳು

ಆಶ್ವಯುಜ ಮಾಸದ ಸೀಗೆ ಹುಣ್ಣಿಮೆಯನ್ನು ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯಾಗಿ ಆಚರಿಸುತ್ತಾರೆ. ಆ ಹೊತ್ತಿಗೆ ಭತ್ತ ಹೊಡೆ ತುಂಬಿರುತ್ತದೆ. ಗದ್ದೆಯನ್ನು ತುಂಬು ಬಸುರಿಯೆಂದು ಭಾವಿಸಿ ಅವಳ ಬಯಕೆ ತೀರಿಸುವ ಹಬ್ಬ ಇದು. ಸೊರಬ, ಸಾಗರ, ಸಿದ್ದಾಪುರ ಭಾಗದ ದೀವರ ಸಮುದಾಯದ ಹೆಂಗಸರು ಇದಕ್ಕಾಗಿ ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ಹುಣ್ಣಿಮೆಯ ಹಿಂದಿನ ರಾತ್ರಿಯಿಡೀ ಅಡುಗೆ ನಡೆಯುತ್ತದೆ. ಕಾಡಿನಿಂದಲೂ ಹಿತ್ತಿಲಿನಿಂದಲೂ ತಂದ ಬಗೆಬಗೆಯ ಸೊಪ್ಪನ್ನು ಬೇಯಿಸಿ ಮಾಡಿದ ಹಚ್ಚಂಬಲಿಯನ್ನು ನಸುಕಿನಲ್ಲಿ ಗಂಡಸರು ಗದ್ದೆಯ ಉದ್ದಗಲಕ್ಕೂ ಚರಗವಾಗಿ ಬೀರುತ್ತಾರೆ. ಬೆಳಗಾದ ಮೇಲೆ ಭತ್ತದ ಸಸಿಗೆ ಪೂಜೆ ಸಲ್ಲಿಸಿ, ಕಾಗೆಗೂ ಇಲಿಗೂ ಪಾಲು ಎತ್ತಿಟ್ಟು, ಮನೆಮಂದಿಯೆಲ್ಲ ಗದ್ದೆಯಲ್ಲೇ ಕೂತು ಉಣ್ಣುತ್ತಾರೆ. ಕೆಲವೆಡೆ ಕಡುಬೊಂದನ್ನು ಗದ್ದೆಯಲ್ಲಿ ಹೂತಿಟ್ಟು ಕೊಯ್ಲಿನ ಹೊತ್ತಿಗೆ ತೆಗೆಯುವ ರೂಢಿಯಿದೆ.

ದೀಪಾವಳಿಯಲ್ಲಿ ಬಲೀಂದ್ರನ ಪೂಜೆ, ಗೋಪೂಜೆ, ದೀಪ ಹಿಡಿದು ಹಾಡುತ್ತ ಮನೆಮನೆಗೆ ಹೋಗುವ ಅಂಟಿಗೆ–ಪಂಟಿಗೆ ಇವೆ. ಶಿಕಾರಿಪುರದ ಕಡೆ ಹೋರಿ ಬೆದರಿಸುವ ಹಬ್ಬಕ್ಕೆ ಊರೇ ನೆರೆಯುತ್ತದೆ. ಶಿಕಾರಿಪುರದ ತಾಂಡಾಗಳ ಲಂಬಾಣಿಗರಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ಬುಟ್ಟಿಗಳಲ್ಲಿ ಗೋಧಿ ಮೊಳೆಸಿ ನೀರೆರೆದು ಪೂಜಿಸುವ ತೀಜ್ ಇದೆ. ಸೋಮವಾರ ಎತ್ತಿನ ಹೆಗಲಿಗೆ ನೊಗ ಹೂಡದಿರುವುದು, ಗೊತ್ತುಪಡಿಸಿದ ವಾರಗಳಲ್ಲಿ ಊರಿಗೆ ಊರೇ ಹೊಲದ ಕೆಲಸ ನಿಲ್ಲಿಸುವ ‘ವಾರ ಹಿಡಿಯುವ’ ಪದ್ಧತಿ ಈ ಭಾಗದ ರೈತರಿಗೆ ಪರಿಚಿತ. ದುಡಿಮೆಗೂ ವಿರಾಮಕ್ಕೂ ದೈವದ ಹೆಸರಿನಲ್ಲಿ ಹಾಕಿದ ಕಟ್ಟಳೆ ಇದು. ದನಕ್ಕೂ ನೆಲಕ್ಕೂ ಆಳಿಗೂ ಅದರಿಂದ ಬಿಡುವು ಸಿಗುತ್ತಿತ್ತು.

ಮಾರಿ, ಕಾಯಿಲೆ ಮತ್ತು ವಾಸಿ

ಸಿಡುಬು, ಕಾಲರಾ, ಪ್ಲೇಗಿನಂಥ ಪಿಡುಗುಗಳನ್ನು ಮಾರಿಯ ಮುನಿಸೆಂದು ಕಂಡ ಕಾಲದಲ್ಲಿ ಪರಿಹಾರವೂ ಊರೊಟ್ಟಿಗೇ ನಡೆಯುತ್ತಿತ್ತು. ಮಾರಿಯನ್ನು ಗಡಿ ದಾಟಿಸುವುದು, ಎಲ್ಲರೂ ಮನೆಗೆ ಬೀಗ ಹಾಕಿ ಊರ ಹೊರಗೆ ಅಡುಗೆ ಮಾಡಿ ಉಣ್ಣುವ ಹೊರಬೀಡು, ಅಮ್ಮ (ಸಿಡುಬು) ಬಂದ ಮನೆಯಲ್ಲಿ ಬೇವಿನ ಸೊಪ್ಪು ಕಟ್ಟಿ ಜನರ ಓಡಾಟ ತಡೆಯುವುದು ಇದರ ರೂಪಗಳು. ಇವುಗಳಲ್ಲಿ ರೋಗಿಯನ್ನು ಬೇರ್ಪಡಿಸುವ ವಿವೇಕವಿತ್ತು, ಜನರು ಎದೆಗುಂದದಂತೆ ನೋಡಿಕೊಳ್ಳುವ ಬಲವಿತ್ತು. ಆದರೆ ಸಿಡುಬನ್ನು ನಿರ್ಮೂಲ ಮಾಡಿದ್ದು ಲಸಿಕೆ: ಭಾರತದಲ್ಲಿ ಅದು 1975ರಲ್ಲಿ ಕೊನೆಗೊಂಡಿತು, ಜಗತ್ತು ಅದರಿಂದ ಮುಕ್ತವಾಯಿತೆಂದು 1980ರಲ್ಲಿ ಘೋಷಣೆಯಾಯಿತು. ಮಾರಿಜಾತ್ರೆ ಮಾತ್ರ ನಿಲ್ಲಲಿಲ್ಲ. ಹೆದರಿಕೆಯ ಜಾಗದಲ್ಲಿ ನಂಟರಿಷ್ಟರನ್ನು ಕೂಡಿಸುವ ಹಬ್ಬವಾಗಿ ಅದು ಮುಂದುವರಿದಿದೆ.

ಕಾಡು ಮತ್ತು ಕಾಯಿಲೆಯ ನಂಟಿಗೆ ಸೊರಬವೇ ಜಗತ್ತಿಗೆ ಒಂದು ಉದಾಹರಣೆಯಾಯಿತು. ಮಂಗನ ಕಾಯಿಲೆಯ ವೈರಸ್ಸನ್ನು 1957ರಲ್ಲಿ ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈದ್ಯಕೀಯ ಗ್ರಂಥಗಳಲ್ಲಿ ಅದಕ್ಕೆ ಆ ಕಾಡಿನ ಹೆಸರೇ ಇದೆ. ಉಣುಗಿನ ಕಡಿತದಿಂದ ಮನುಷ್ಯರಿಗೆ ಹರಡುವ ಈ ಜ್ವರದಲ್ಲಿ ಮಂಗ, ಮುಸಿಯಗಳು ಸಾಯುತ್ತವೆ. ಸಾಗುವಳಿಗಾಗಿ ಕಾಡು ಕಡಿದು, ಅಂಚಿನಲ್ಲಿ ದನ ಮೇಯಿಸಿದ್ದರಿಂದ ಉಣುಗು ಹೆಚ್ಚಿ ರೋಗ ಮೇಲೆದ್ದಿತೆಂದು ವಿಜ್ಞಾನಿ ಹೋರ್ಹೆ ಬೊಶೆಲ್ 1960ರ ದಶಕದ ಕೊನೆಯಲ್ಲಿ ವಿವರಿಸಿದರು. ಕಾಡಿನ ಕಟ್ಟು ಮುರಿದರೆ ಊರಿಗೆ ಕೇಡು ಎಂಬ ಹಿರಿಯರ ನಂಬಿಕೆಗೂ ಈ ವಿವರಣೆಗೂ ದೂರ ಹೆಚ್ಚಿಲ್ಲ. ಜ್ವರ ಬಂದವರಿಗೆ ಬೇಕಾದದ್ದು ಮಾತ್ರ ಆಸ್ಪತ್ರೆ.

ಚಂದ್ರಗುತ್ತಿ ಮತ್ತು ಸುಧಾರಣೆ

ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಗುಹಾಲಯದಲ್ಲಿ ನೆಲೆಸಿರುವ ರೇಣುಕಾಂಬೆ ಈ ಸೀಮೆಯ ದೊಡ್ಡ ತಾಯಿದೈವ. ಚರ್ಮರೋಗ ವಾಸಿಯಾಗಲೆಂದು, ಮಕ್ಕಳಾಗಲೆಂದು ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಗೆ ಬರುವ ಸೇವೆ ಇಲ್ಲಿತ್ತು. ಹರಕೆ ಹೊರುತ್ತಿದ್ದವರಲ್ಲಿ ಬಡವರೂ ದಲಿತ ಹೆಣ್ಣುಮಕ್ಕಳೂ ಹೆಚ್ಚಾಗಿದ್ದು, ನೋಡಲು ನೆರೆಯುತ್ತಿದ್ದ ಗುಂಪಿನ ಕಣ್ಣಿಗೆ ಅವರ ಮೈ ಬೀಳುತ್ತಿತ್ತು. ದಲಿತ ಸಂಘಟನೆಗಳೂ ಪ್ರಗತಿಪರರೂ ಇದನ್ನು ವಿರೋಧಿಸಿದರು. 1986ರ ಮಾರ್ಚ್‌ನ ಜಾತ್ರೆಯಲ್ಲಿ ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆಯಾಗಿ ಅವರನ್ನೇ ಬೆತ್ತಲೆಗೊಳಿಸಲಾಯಿತು. ಬಳಿಕ ಸರ್ಕಾರ ಈ ಸೇವೆಯನ್ನು ನಿಷೇಧಿಸಿತು. ಈ ಪ್ರಕರಣದ ಹಿನ್ನೆಲೆಯಲ್ಲಿ ಯು.ಆರ್. ಅನಂತಮೂರ್ತಿ ಬರೆದ ‘ಬೆತ್ತಲೆ ಪೂಜೆ ಯಾಕೆ ಕೂಡದು’ ಪ್ರಬಂಧ, ಆಧುನಿಕ ವಿವೇಕಕ್ಕೂ ಜನಪದ ನಂಬಿಕೆಗೂ ನಡುವಿನ ಇಕ್ಕಟ್ಟನ್ನು ಕನ್ನಡದಲ್ಲಿ ದೊಡ್ಡ ಚರ್ಚೆಯಾಗಿಸಿತು.

ಕಾನೂನುಗಳೂ ಬಂದವು. ಪ್ರಾಣಿಬಲಿ ತಡೆಯುವ ಕಾಯ್ದೆ 1959ರದು, ದೇವದಾಸಿ ಸಮರ್ಪಣೆ ನಿಷೇಧಿಸುವ ಕಾಯ್ದೆ 1982ರದು. 2017ರ ಅಮಾನವೀಯ ಆಚರಣೆಗಳ ತಡೆ ಕಾಯ್ದೆ, ಹಾವು ಅಥವಾ ನಾಯಿ ಕಚ್ಚಿದವರನ್ನು ವೈದ್ಯರ ಬಳಿ ಬಿಡದೆ ಮಂತ್ರ–ಯಂತ್ರಕ್ಕೆ ಒಪ್ಪಿಸುವುದನ್ನು ಅಪರಾಧವೆಂದು ಪರಿಗಣಿಸಿತು. ಚಂದ್ರಗುತ್ತಿಯ ಜಾತ್ರೆ ಇಂದಿಗೂ ನಡೆಯುತ್ತದೆ. ಬೆತ್ತಲೆ ಸೇವೆ ಹೋಯಿತು, ತಾಯಿಯ ಮೇಲಿನ ಭಕ್ತಿ ಉಳಿಯಿತು.

ಇಂದಿನ ಸ್ಥಿತಿ

ಬ್ರಿಟನ್ನಿನಲ್ಲಿ ಮಾಟ ಕಾಯ್ದೆ 1951ರಲ್ಲಿ ರದ್ದಾದ ಬಳಿಕ ವಿಕ್ಕಾ ಎಂಬ ಪೇಗನ್ ಪಂಥ ಬಹಿರಂಗವಾಗಿ ಬೆಳೆಯಿತು. ಐಸ್‌ಲ್ಯಾಂಡಿನಲ್ಲಿ ಹಳೆಯ ನಾರ್ಸ್ ದೈವಗಳನ್ನು ನಂಬುವವರು 1972ರಲ್ಲಿ ಸಂಘ ಕಟ್ಟಿಕೊಂಡರು. ನಗರಜೀವನದ ಒಂಟಿತನ, ಒತ್ತಡಗಳಿಗೆ ಋತುಗಳ ಲಯದಲ್ಲಿ ಉತ್ತರ ಹುಡುಕುವವರು ಈಗ ಹಲವು ದೇಶಗಳಲ್ಲಿದ್ದಾರೆ. ಅವರಲ್ಲಿ ಅನೇಕರಿಗೆ ಇದು ಒಬ್ಬೊಬ್ಬರ ಸಾಧನೆ. ಸೊರಬ–ಶಿಕಾರಿಪುರದ ಪರಂಪರೆ ಕಲಿಸುವುದು ಬೇರೆ: ಮನಸ್ಸಿನ ನೆಮ್ಮದಿ ನೆರೆಹೊರೆ, ನೆಲ, ನೀರಿನ ಜೊತೆಗಿನ ಸಂಬಂಧದಲ್ಲಿದೆ; ಆ ಸಂಬಂಧಕ್ಕೆ ಕೆಲಸವೂ ಕಟ್ಟುಪಾಡೂ ಬೇಕು.

ಭೂಮಿ ಹುಣ್ಣಿಮೆಗೆ ಬೆಂಗಳೂರಿನಿಂದ ಊರಿಗೆ ಬರುವ ಯುವಕರಿದ್ದಾರೆ. ದೀವರ ಚಿತ್ತಾರ ಪ್ರದರ್ಶನಗಳಿಗೂ ಕಲಾಶಿಬಿರಗಳಿಗೂ ತಲುಪಿದೆ. 2002ರ ಜೀವವೈವಿಧ್ಯ ಕಾಯ್ದೆ ಗ್ರಾಮಮಟ್ಟದಲ್ಲಿ ಜೀವವೈವಿಧ್ಯ ದಾಖಲಾತಿಗೆ ದಾರಿ ಮಾಡಿತು. ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಗಿದೆ. ಇನ್ನೊಂದೆಡೆ ಬನಗಳಲ್ಲಿ ಕಾಂಕ್ರೀಟ್ ಗುಡಿಗಳು ಏಳುತ್ತಿವೆ. ದೈವಕ್ಕೆ ಮಾಡು ಕಟ್ಟಲು ಅದರ ಮರಗಳನ್ನೇ ತೆಗೆಯುವ ಕಡೆ ಆರಾಧನೆಯ ಅರ್ಥವೇ ತಲೆಕೆಳಗಾಗುತ್ತದೆ. ಬನ ಉಳಿದರೆ ಮಾತ್ರ ಬನದ ದೈವ ಉಳಿಯುವುದು. ಆದ್ದರಿಂದ ಈ ಪರಂಪರೆಯ ಮುಂದುವರಿಕೆ ಪೂಜೆಯ ವೈಭವಕ್ಕಿಂತ ಹೆಚ್ಚಾಗಿ, ಕಾನಿನ ಮೇಲೆ ಊರಿನವರಿಗೆ ಹಕ್ಕನ್ನೂ ಹೊಣೆಯನ್ನೂ ಮರಳಿಸುವುದನ್ನು ಅವಲಂಬಿಸಿದೆ.