ಜಪಾನಿನ ಆಟದ ಪೆಟ್ಟಿಗೆ ತುಂಗಭದ್ರೆಯ ದಡಕ್ಕೆ ಬಂದ ಬಗೆ

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ಪೇಟೆಯಲ್ಲಿ ಮಾರಾಟಕ್ಕಿದ್ದ ವಜ್ರ, ಮಾಣಿಕ್ಯ, ಮುತ್ತು, ಬಟ್ಟೆಬರೆಗಳನ್ನು ಒಂದೊಂದಾಗಿ ಹೆಸರಿಸಿದ್ದಾನೆ. ಅವನ ನಂತರ ಬಂದ ನೂನಿಜ್, ಕುದುರೆಗಳಿಗಾಗಿ ಹಾತೊರೆಯುತ್ತಿದ್ದ ಸಾಳುವ ನರಸಿಂಹನು ಕಡಲದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಹಣ ಕೊಡುತ್ತಿದ್ದನೆಂದು ಬರೆದಿಟ್ಟಿದ್ದಾನೆ. ಹೀಗಾಗಿ ಐನೂರು ವರ್ಷಗಳ ಹಿಂದೆ ಹಂಪಿಗೆ ಪರದೇಶದ ಸರಕು ಹೇಗೆ ಬರುತ್ತಿತ್ತು ಎಂಬುದನ್ನು ನಾವು ಬಲ್ಲೆವು. ಆದರೆ ಕೇವಲ ಮೂವತ್ತು ವರ್ಷಗಳ ಹಿಂದೆ ಹೊಸಪೇಟೆ, ಕಂಪ್ಲಿ, ಸಂಡೂರಿನಂಥ ಊರುಗಳ ಮಕ್ಕಳನ್ನು ಟಿ.ವಿ. ಮುಂದೆ ಕಟ್ಟಿಹಾಕಿದ ಜಪಾನಿನ ಆಟದ ಪೆಟ್ಟಿಗೆ ಬಂದ ದಾರಿ ಯಾವುದು? ಅದರ ಅಧಿಕೃತ ಚರಿತ್ರೆಯಲ್ಲಿ ಈ ಊರುಗಳಿಗೆ ಜಾಗವೇ ಇಲ್ಲ.

ಆ ಚರಿತ್ರೆ ಹೀಗಿದೆ. ನಿಂಟೆಂಡೊ ಕಂಪನಿಯು ‘ಫ್ಯಾಮಿಲಿ ಕಂಪ್ಯೂಟರ್’ ಅಥವಾ ‘ಫ್ಯಾಮಿಕಾಮ್’ ಎಂಬ ಯಂತ್ರವನ್ನು 1983ರ ಜುಲೈ 15ರಂದು ಜಪಾನಿನಲ್ಲಿ ಬಿಡುಗಡೆ ಮಾಡಿತು. ಬೆಲೆ 14,800 ಯೆನ್. ಅದೇ ಯಂತ್ರ ಹೊರರೂಪ ಬದಲಿಸಿಕೊಂಡು 1985ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಸೇರಿತು. 1986ರಿಂದ ಯುರೋಪಿನಲ್ಲೂ ಮಾರಾಟಕ್ಕೆ ಬಂತು. ಜಗತ್ತಿನಾದ್ಯಂತ ಒಟ್ಟು ಸುಮಾರು 6 ಕೋಟಿ 19 ಲಕ್ಷ ಯಂತ್ರಗಳು ಮಾರಾಟವಾದವು. 2003ರಲ್ಲಿ ಜಪಾನಿನಲ್ಲಿ ಇದರ ತಯಾರಿಕೆ ನಿಂತಿತು.

ಒಂದು ಪ್ರದೇಶಕ್ಕೆಂದು ಮಾಡಿದ ಯಂತ್ರ ಇನ್ನೊಂದು ಪ್ರದೇಶದಲ್ಲಿ ಸುಲಭವಾಗಿ ನಡೆಯುತ್ತಿರಲಿಲ್ಲ. ಜಪಾನಿನ ಕ್ಯಾಸೆಟ್ಟಿಗೆ 60 ಪಿನ್ನುಗಳಿದ್ದರೆ, ಅಮೆರಿಕ ಮತ್ತು ಯುರೋಪಿನದಕ್ಕೆ 72. ಅದು ಸಾಲದೆಂಬಂತೆ, ಹೊರದೇಶಗಳಿಗೆಂದು ಮಾಡಿದ ಯಂತ್ರದೊಳಗೆ ಬೀಗದಂತೆ ಕೆಲಸ ಮಾಡುವ ಚಿಪ್ ಒಂದನ್ನು ಕೂರಿಸಲಾಗಿತ್ತು. ಕ್ಯಾಸೆಟ್ಟಿನಲ್ಲಿ ಅದರ ಜೋಡಿ ಚಿಪ್ ಇರದಿದ್ದರೆ ಆಟ ಆರಂಭವಾಗುತ್ತಿರಲಿಲ್ಲ. ಮೂರನೆಯ ಅಡ್ಡಿ ಟಿ.ವಿ.ಯದು. ಜಪಾನ್, ಅಮೆರಿಕಗಳ ಟಿ.ವಿ. ಸೆಕೆಂಡಿಗೆ 60 ಬಾರಿ ಚಿತ್ರ ಬಿಡಿಸಿದರೆ, 1982ರ ಏಷ್ಯನ್ ಕ್ರೀಡೆಗಳ ಹೊತ್ತಿಗೆ ಬಣ್ಣದ ಪ್ರಸಾರ ಆರಂಭಿಸಿದ ನಮ್ಮ ದೂರದರ್ಶನ ಅನುಸರಿಸಿದ್ದು ‘ಪಾಲ್’ ಪದ್ಧತಿಯನ್ನು. ಅದರಲ್ಲಿ ಸೆಕೆಂಡಿಗೆ 50 ಬಾರಿ. ಜಪಾನಿನ ಮನೆಗಳ ವಿದ್ಯುತ್ 100 ವೋಲ್ಟ್, ನಮ್ಮದು 230. ನೆಂಟರು ಯಾರಾದರೂ ಟೋಕಿಯೋದಿಂದ ಅಸಲಿ ಯಂತ್ರ ತಂದುಕೊಟ್ಟಿದ್ದರೂ ಅದು ಹೊಸಪೇಟೆಯ ಟಿ.ವಿ.ಯಲ್ಲಿ ನೆಟ್ಟಗೆ ಓಡುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಬಾಗಿಲು ಸರ್ಕಾರದ್ದು. 1991ರ ಆರ್ಥಿಕ ಸುಧಾರಣೆಯಿಂದ ಪರದೇಶದ ಸರಕೆಲ್ಲ ಹರಿದುಬಂತೆಂಬ ಭಾವನೆ ಸಾಮಾನ್ಯ. ವಾಸ್ತವವಾಗಿ ಗೃಹಬಳಕೆಯ ಅನೇಕ ವಸ್ತುಗಳ ಆಮದಿನ ಮೇಲಿದ್ದ ಪರಿಮಾಣ ನಿರ್ಬಂಧಗಳು ಪೂರ್ತಿಯಾಗಿ ತೆರವಾದದ್ದು 2001ರ ಏಪ್ರಿಲ್ 1ರಂದು. ಅಷ್ಟರಲ್ಲಿ ಫ್ಯಾಮಿಕಾಮ್‌ನ ಕಾಲವೇ ಮುಗಿಯುತ್ತ ಬಂದಿತ್ತು.

ಈ ಬಾಗಿಲುಗಳ ಪಕ್ಕದಲ್ಲೇ ಕಿಂಡಿ ಕೊರೆದವರು ತೈವಾನ್ ಮತ್ತು ಹಾಂಗ್‌ಕಾಂಗ್‌ನ ತಯಾರಕರು. ಜಪಾನಿನ ಯಂತ್ರದ ಮುಖ್ಯ ಚಿಪ್ಪುಗಳನ್ನೇ ಹೋಲುವ ಚಿಪ್ಪುಗಳನ್ನು ತೈವಾನಿನ ಯು.ಎಂ.ಸಿ. ಮೊದಲಾದ ಕಂಪನಿಗಳು ತಯಾರಿಸಿದವು. 50ರ ಲೆಕ್ಕದ ಟಿ.ವಿ.ಯಲ್ಲೂ ಜಪಾನಿನ ಆಟಗಳು ಕೆಡದೆ ಓಡುವಂತೆ ಅವುಗಳಲ್ಲಿ ಕೆಲವನ್ನು ಹೊಂದಿಸಲಾಯಿತು. ಬೀಗದ ಚಿಪ್ಪಿನ ಗೊಡವೆಯೇ ಇರಲಿಲ್ಲ. ಈ ನಕಲು ಯಂತ್ರ ಊರೂರಿಗೆ ಬೇರೆ ಬೇರೆ ಹೆಸರು ಹೊತ್ತು ಹೋಯಿತು. ರಷ್ಯದಲ್ಲಿ 1992ರ ಕೊನೆಗೆ ‘ಡೆಂಡಿ’ ಎನಿಸಿಕೊಂಡಿತು, ಪೋಲೆಂಡಿನಲ್ಲಿ ‘ಪೆಗಾಸಸ್’. ಭಾರತದಲ್ಲಿ ಅದು ‘ಸಮುರಾಯ್’, ‘ಮೀಡಿಯಾ’, ‘ಲಿಟ್ಲ್ ಮಾಸ್ಟರ್’ ಎಂಬ ಹೆಸರುಗಳಲ್ಲಿ ಅಂಗಡಿಯ ಗಾಜಿನ ಹಿಂದೆ ಕುಳಿತಿತು.

ದೊಡ್ಡ ಕಂಪನಿಗಳು ನಮ್ಮತ್ತ ನೋಡಲೇ ಇಲ್ಲವೆಂದಲ್ಲ. ನಿಂಟೆಂಡೊದ ಪ್ರತಿಸ್ಪರ್ಧಿ ಸೇಗಾ 1990ರ ದಶಕದ ಮಧ್ಯಭಾಗದಲ್ಲಿ ಮದ್ಯದ ವ್ಯಾಪಾರಕ್ಕೆ ಹೆಸರಾದ ಶಾ ವ್ಯಾಲೇಸ್ ಸಂಸ್ಥೆಯ ಜೊತೆಗೂಡಿ ತನ್ನ ಯಂತ್ರಗಳನ್ನು ಭಾರತದಲ್ಲಿ ಮಾರಲು ಹೊರಟಿತು. ಆಮದು ಸುಂಕದ ಹೊರೆ ತಪ್ಪಿಸಿಕೊಳ್ಳುವುದು ಆ ಒಪ್ಪಂದದ ಒಂದು ಉದ್ದೇಶ. ಆದರೂ ಅದರ ಬೆಲೆ ಮಧ್ಯಮ ವರ್ಗದ ಕೈಗೆಟುಕುವಂತಿರಲಿಲ್ಲ. ಹಳೆಯದಾದ, ಅಗ್ಗವಾದ ನಕಲಿಯೇ ಪೇಟೆ ಗೆದ್ದಿತು.

ಬೆಂಗಳೂರಿನ ಎಸ್.ಪಿ. ರಸ್ತೆ, ಚೆನ್ನೈನ ಬರ್ಮಾ ಬಜಾರುಗಳಂಥ ಪೇಟೆಗಳು ಅಂದಿನ ಎಲೆಕ್ಟ್ರಾನಿಕ್ ಸಾಮಾನಿನ ಹೆದ್ದಾರಿಗಳು. ಅಲ್ಲಿಂದ ಜಿಲ್ಲೆಯ ಊರುಗಳ ಟಿ.ವಿ., ರೇಡಿಯೊ ಅಂಗಡಿಗಳಿಗೆ ರೈಲು, ಬಸ್ಸುಗಳಲ್ಲಿ ಸರಕು ಬರುತ್ತಿತ್ತು. ಇಂಥ ವಸ್ತು ಕೊಳ್ಳುವ ಶಕ್ತಿ ಕೆಲವೇ ಮನೆಗಳಿಗೆ ಇದ್ದುದರಿಂದ ಸಣ್ಣ ಊರುಗಳಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ಪಡೆದು ಆಡಿಸುವ ಅಂಗಡಿಗಳು ಹುಟ್ಟಿಕೊಂಡವು. ಮೆಟ್ರಿಯಂಥ ಹಳ್ಳಿಯ ಹುಡುಗನಿಗೆ ಕಂಪ್ಲಿಗೋ ಹೊಸಪೇಟೆಗೋ ಹೋಗುವುದೆಂದರೆ ಈ ಆಟದ ಹತ್ತಿರ ಹೋಗುವುದೂ ಆಗಿತ್ತು. ನಿಂಟೆಂಡೊ ಎಂಬ ಹೆಸರು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಯಂತ್ರಕ್ಕೆ ‘ವಿಡಿಯೊ ಗೇಮ್’ ಎಂದೂ, ಆಟ ತುಂಬಿದ ಪೆಟ್ಟಿಗೆಗೆ ‘ಕ್ಯಾಸೆಟ್’ ಎಂದೂ ನಮ್ಮವರು ಹೆಸರಿಟ್ಟರು. ಆಟ ಬರದಿದ್ದರೆ ಕ್ಯಾಸೆಟ್ ತೆಗೆದು ಉಫ್ ಎಂದು ಊದಿ ಮತ್ತೆ ಸಿಕ್ಕಿಸುವ ವಿದ್ಯೆಯನ್ನು ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ.

ಈ ನಕಲಿಗೆ ತೆತ್ತ ಬೆಲೆಯೂ ಉಂಟು. ಕ್ಯಾಸೆಟ್ಟಿನ ಮೇಲೆ 99,99,999 ಆಟಗಳೆಂದು ಅಚ್ಚಾಗಿದ್ದರೂ ಒಳಗಿರುತ್ತಿದ್ದುದು ಬೆರಳೆಣಿಕೆಯವು. ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ‘ಮಾರಿಯೊ’, ‘ಕಾಂಟ್ರಾ’ಗಳನ್ನು ಕಟ್ಟಿದವರಿಗೆ ಇದರಿಂದ ಬಿಡಿಗಾಸೂ ಹೋಗಲಿಲ್ಲ. ಟಿ.ವಿ. ಪದ್ಧತಿಯ ವ್ಯತ್ಯಾಸದಿಂದಾಗಿ ಪಾಲ್ ಯಂತ್ರದಲ್ಲಿ ಮಾರಿಯೊ ಜಪಾನಿನ ಮಾರಿಯೊಗಿಂತ ಆರರಲ್ಲಿ ಒಂದು ಪಾಲು ನಿಧಾನವಾಗಿ ಓಡುತ್ತಿದ್ದ. ಅದೇ ಅವನ ಸಹಜ ವೇಗವೆಂದು ನಾವು ತಿಳಿದಿದ್ದೆವು.

ಇದನ್ನು ಕಳ್ಳಸರಕಿನ ಕತೆಯೆಂದು ತಳ್ಳಿಹಾಕಬಹುದು. ಆದರೆ ಹಾಗೆ ತಳ್ಳಿದರೆ ಭಾರತ, ರಷ್ಯ, ಪೋಲೆಂಡುಗಳ ಒಂದು ಇಡೀ ತಲೆಮಾರು ಈ ಯಂತ್ರವನ್ನು ಮೊದಲು ಮುಟ್ಟಿದ ಬಗೆಯೇ ಚರಿತ್ರೆಯಿಂದ ಜಾರಿಹೋಗುತ್ತದೆ. ಕಂಪನಿಯ ಲೆಕ್ಕದ 6 ಕೋಟಿ 19 ಲಕ್ಷದಲ್ಲಿ ಹೊಸಪೇಟೆಯ ಒಂದು ಸಮುರಾಯ್ ಕೂಡ ಸೇರಿಲ್ಲ.

ಉಳಿದ ಸಾಕ್ಷ್ಯವೂ ಕರಗುತ್ತಿದೆ. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿ ಧೂಳು ಒರೆಸಿದರೆ ಯಂತ್ರವೇನೋ ಓಡೀತು. ಆದರೆ ಬಾತುಕೋಳಿ ಹೊಡೆಯುವ ಬಂದೂಕು ಇಂದಿನ ಚಪ್ಪಟೆ ಟಿ.ವಿ.ಯ ಮುಂದೆ ಕೆಲಸ ಮಾಡದು. ಅದಕ್ಕೆ ಬೇಕಾದದ್ದು ಹಳೆಯ ಪಿಕ್ಚರ್ ಟ್ಯೂಬಿನ ಮೇಲೆ ಕ್ಷಣಮಾತ್ರ ಮಿಂಚಿ ಮರೆಯಾಗುವ ಬೆಳಕು. ಯಾವ ಅಂಗಡಿಯಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು, ಯಾರು ಯಾರು ಬಂದು ಆಡುತ್ತಿದ್ದರು ಎಂಬುದು ಅಪ್ಪನಿಗೋ ಅಣ್ಣನಿಗೋ ಇನ್ನೂ ನೆನಪಿರಬಹುದು. ನಮ್ಮ ಪೇಟೆಯ ಕುದುರೆ ವ್ಯಾಪಾರವನ್ನು ಪರದೇಶದವನೊಬ್ಬ ಬರೆದಿಟ್ಟ. ಇದನ್ನು ನಾವೇ ಕೇಳಿ ಬರೆದುಕೊಳ್ಳಬೇಕು.